ಹದಿನೈದು ದಿನದೊಳಗೆ

ಮಂಗಳವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿರುವಾಗ ನನ್ನ ಗಂಡನ ಫೋನಿಗೆ ಒಂದು ಮೆಸೇಜು ಬಂತು. ಅವನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ದಿನ ತುಂಬಿರಲಿಲ್ಲ. ಮೆಸೇಜಿನಲ್ಲಿ ಅವನ ಅಂದಿನ ಕೆಲಸದ ಪಟ್ಟಿ ಇತ್ತು. ಎರಡು ಕಟ್ಟಡ, ಮೂರು ಲಿಫ್ಟು. ಒಂದರ ಬಾಗಿಲು ಅರ್ಧ ಮುಚ್ಚಿ ಮತ್ತೆ ತೆರೆದುಕೊಳ್ಳುತ್ತದೆ ಎಂದು ದೂರು.

ಅವನು ಲಿಫ್ಟ್ ಮೆಕ್ಯಾನಿಕ್. ಪಟ್ಟಿ ಕಳಿಸುವುದು ಮನುಷ್ಯರಲ್ಲ, ಕಂಪ್ಯೂಟರು. ಅದಕ್ಕೆ ಯಾರೂ ಹೇಳಿರಲಿಲ್ಲ.

‘ಇವರು ತೀರಿಕೊಂಡಿದ್ದಾರೆ. ದಯವಿಟ್ಟು ಹೆಸರು ತೆಗೆಯಿರಿ’ ಎಂದು ಬರೆದು ಕಳಿಸಿದೆ.

‘ನಿಮ್ಮ ಉತ್ತರ ಅರ್ಥವಾಗಲಿಲ್ಲ. ಒಪ್ಪಿಗೆಗೆ 1, ರಜೆಗೆ 2 ಒತ್ತಿ’ ಎಂದು ಬಂತು.

2 ಒತ್ತಿದೆ.

‘ಬೇಗ ಗುಣವಾಗಿ ಬನ್ನಿ’ ಎಂದು ಬಂತು.

ಅತ್ತು ಅತ್ತು ಕಣ್ಣು ಬತ್ತಿತ್ತು ಎಂದು ಬರೆಯಬಹುದು. ಆದರೆ ನಾನು ಅಷ್ಟು ಅತ್ತಿರಲಿಲ್ಲ. ಒಂಬತ್ತನೇ ತಾರೀಕು, ಗುರುವಾರ ಸಂಜೆ, ಅವನು ಕೆಲಸ ಮುಗಿಸಿ ಬಂದವನು ನಮ್ಮ ಮೂರನೇ ಮಹಡಿಗೆ ಮೆಟ್ಟಿಲು ಹತ್ತುತ್ತಾ ಎರಡನೇ ಮಹಡಿಯಲ್ಲಿ ಕೂತ. ಕೂತಲ್ಲೇ ಹೋದ. ಮೂವತ್ತೇಳು ವರ್ಷ. ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. “ಊರಿಗೆಲ್ಲ ಲಿಫ್ಟು ರಿಪೇರಿ ಮಾಡ್ತೀನಿ, ನನ್ನ ಹೆಂಡ್ತಿಗೆ ಮಾತ್ರ ಮೆಟ್ಟಿಲು” ಎಂದು ಅವನೇ ನಗುತ್ತಿದ್ದ. ಡಾಕ್ಟರು ಹೃದಯ ಎಂದರು. ಆಮೇಲೆ ನಾಲ್ಕು ದಿನ ನಾನು ಬರೀ ಸಹಿ ಹಾಕಿದೆ. ಆಸ್ಪತ್ರೆಯಲ್ಲಿ, ಸ್ಮಶಾನದ ಕಚೇರಿಯಲ್ಲಿ, ಪೊಲೀಸರ ಪುಸ್ತಕದಲ್ಲಿ. ಸಹಿ ಹಾಕುವವಳಿಗೆ ಅಳುವುದಕ್ಕೆ ಬಿಡುವು ಸಿಗುವುದಿಲ್ಲ.

ಆ 2 ಒತ್ತಿದ್ದರಿಂದ ಕೈಗೆ ಒಂದು ಕೆಲಸ ಸಿಕ್ಕಂತಾಯಿತು. ಯಾರ್ಯಾರಿಗೆ ತಿಳಿಸಬೇಕೋ ಎಲ್ಲರಿಗೂ ಇವತ್ತೇ ತಿಳಿಸಿಬಿಡೋಣ ಎಂದು ಮೇಜಿನ ಮುಂದೆ ಕೂತೆ. ಮನೆ ಮಾಲೀಕರು. ಕರೆಂಟಿನವರು. ಮುಂದಿನ ವಾರ ಅವನು ಹೋಗಬೇಕಾಗಿದ್ದ ಹಲ್ಲಿನ ಡಾಕ್ಟರು. ಕೊನೆಗೆ ಪೌರತ್ವ ಇಲಾಖೆ.

ಸ್ವಲ್ಪ ಹಿಂದಿನದನ್ನು ಹೇಳಬೇಕು. ಈ ದೇಶಕ್ಕೆ ಅವನು ಬಂದು ಏಳು ವರ್ಷ, ನಾನು ಬಂದು ಐದು. ಇಲ್ಲಿಯ ಪ್ರಜೆಯಾಗಲು ಏಳು ವರ್ಷ ತುಂಬಬೇಕು. ನಾನು ಬೇರೆ ಅರ್ಜಿ ಹಾಕಿದ್ದರೆ ಇನ್ನೆರಡು ವರ್ಷ ಕಾಯಬೇಕಿತ್ತು. ಅವನ ಫೈಲಿನಲ್ಲೇ ಹೆಂಡತಿ ಎಂದು ಸೇರಿಕೊಂಡರೆ ಆ ಎರಡು ವರ್ಷ ಮಾಫಿ. ಹಾಗಾಗಿ ಇಬ್ಬರಿಗೂ ಒಂದೇ ಫೈಲು. ಅದರಲ್ಲಿ ಅವನು ಮುಖ್ಯ ಅರ್ಜಿದಾರ, ನಾನು ಅವಲಂಬಿತೆ.

“ಎಂ.ಎಸ್ಸಿ. ಫಿಸಿಕ್ಸು, ಅವಲಂಬಿತೆ” ಎಂದು ಅವನು ಛೇಡಿಸಿದ್ದ.

“ಕಾಗದದಲ್ಲಿ ತಾನೇ, ಇರ್ಲಿ ಬಿಡು” ಎಂದಿದ್ದೆ.

ಇನ್ನೊಂದು ಷರತ್ತಿತ್ತು. ಎರಡು ದೇಶಕ್ಕೆ ಸೇರಿದವರನ್ನು ಇವರು ಒಪ್ಪುವುದಿಲ್ಲ. ಹಳೆಯ ದೇಶವನ್ನು ಬಿಟ್ಟಿದ್ದೇವೆಂಬ ಪತ್ರ ತಂದುಕೊಟ್ಟ ಮೇಲೇ ಪ್ರಮಾಣವಚನದ ದಿನ ಗೊತ್ತುಮಾಡುತ್ತಾರೆ. ಎರಡೂವರೆ ತಿಂಗಳ ಹಿಂದೆ ನಮ್ಮ ರಾಯಭಾರ ಕಚೇರಿಗೆ ಹೋಗಿ ಇಬ್ಬರ ಪಾಸ್‌ಪೋರ್ಟೂ ಕೊಟ್ಟೆವು. ಅಲ್ಲಿಯ ಗುಮಾಸ್ತೆ ಅವುಗಳ ಮೂಲೆ ಕತ್ತರಿಸಿ, ತಲಾ ಒಂದು ಪತ್ರ ಕೊಟ್ಟಳು. ಬರುವಾಗ ಬಸ್ಸಿನಲ್ಲಿ ನಮ್ಮ ಮುಂದೆ ಒಬ್ಬಾಕೆ ನಾಯಿ ಹಿಡಿದುಕೊಂಡು ಕೂತಿದ್ದಳು.

“ಆ ನಾಯಿ ಕತ್ತಲ್ಲಿ ಬಿಲ್ಲೆ ಇದೆ ನೋಡು” ಎಂದ. “ಅದಕ್ಕಾದ್ರೂ ಒಂದು ಗುರುತು ಇದೆ. ನಾವೀಗ ಯಾರಿಗೂ ಸೇರಿದೋರಲ್ಲ.”

“ನಿಂಗೆ ಭಯ ಆಗಲ್ವಾ?”

“ಎರಡು ತಿಂಗಳು ತಾನೇ. ಡೇಟ್ ಬಂದ್ರೆ ಮುಗೀತು.”

ಡೇಟ್ ಬಂತು. ಇಪ್ಪತ್ತಮೂರು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಒಬ್ಬರಿಗೆ ಬರಲಾಗದಿದ್ದರೆ ಅವರದು ಮಾತ್ರ ಮುಂದಕ್ಕೆ ಹೋಗುತ್ತದೆ.

ಅವನ ಕೆಲಸದ ಕಡೆ ಅವನಿಗೆ ‘ಅರ್ಜಿ’ ಎಂದು ಅಡ್ಡಹೆಸರು. ಅದಕ್ಕೆ ಕಾರಣವಿತ್ತು. ಮೊದಲ ವರ್ಷ ಅವನ ಜೊತೆಗಿದ್ದ ಒಬ್ಬ ಒಂದೇ ಕಟ್ಟಡದಲ್ಲಿ, ಒಂದೇ ಸಾಲಿನಲ್ಲಿ, ಹನ್ನೆರಡನೇ ಕೋಣೆಯಿಂದ ಹದಿನಾಲ್ಕನೆಯದಕ್ಕೆ ಹೋಗಿದ್ದ. ಹಾಸಿಗೆ ಹೊತ್ತುಕೊಂಡು ಎರಡು ಬಾಗಿಲು ದಾಟಿದ್ದಷ್ಟೆ. ಅದನ್ನು ಇಲಾಖೆಗೆ ತಿಳಿಸಲಿಲ್ಲ. ನಾಲ್ಕು ವರ್ಷದ ಮೇಲೆ ಯಾರೋ ಎರಡು ಕಾಗದ ಹೋಲಿಸಿ ನೋಡಿದರು. ವಿಳಾಸ ಮರೆಮಾಚಿದ್ದಾನೆ ಎಂದು ಅವನನ್ನು ವಾಪಸ್ ಕಳಿಸಿದರು. ಅವತ್ತಿನಿಂದ ನನ್ನ ಗಂಡ ಎಲ್ಲವನ್ನೂ ತಿಳಿಸತೊಡಗಿದ. ಪಾಳಿ ಬದಲಾದರೆ ತಿಳಿಸಿದ. ಫೋನ್ ನಂಬರು ಬದಲಾದರೆ ತಿಳಿಸಿದ. ನನಗೆ ಕನ್ನಡಕ ಬಂದಾಗ ಅದನ್ನೂ ತಿಳಿಸಿದ.

“ಕನ್ನಡಕಕ್ಕೂನಾ?” ಎಂದಿದ್ದೆ.

“ಫೋಟೋದಲ್ಲಿ ಇಲ್ವಲ್ಲ. ಅವರಿಗೆ ಗೊತ್ತಾಗೋಕೆ ಮುಂಚೆ ನಾವೇ ಹೇಳಿಬಿಡಬೇಕು. ಹೇಳಿದೋನು ಕಳ್ಳ ಆಗಲ್ಲ.”

ವರ್ಷಗಟ್ಟಲೆ ಒಂದೇ ಮಾತು ಕೇಳಿದರೆ ಅದು ಮೈಗೆ ಹತ್ತುತ್ತದೆ. ನಾನು ‘ಪರಿಸ್ಥಿತಿಯಲ್ಲಿ ಬದಲಾವಣೆ’ ಎಂಬ ಅರ್ಜಿ ತೆರೆದೆ. ತಲೆಯ ಮೇಲೆ, ಬದಲಾವಣೆಯಾದ ಹದಿನೈದು ದಿನದೊಳಗೆ ತಿಳಿಸತಕ್ಕದ್ದು ಎಂದು ಎಂದಿನಂತೆ ಬರೆದಿತ್ತು. ಎಂತಹ ಬದಲಾವಣೆ ಎಂದು ಕೇಳಿತು. ವಿಳಾಸ, ಕೆಲಸ, ಹೆಸರು, ವೈವಾಹಿಕ ಸ್ಥಿತಿ. ಕೊನೆಯದನ್ನು ಒತ್ತಿದೆ. ನಾಲ್ಕು ಆಯ್ಕೆ ಬಂದವು. ನನ್ನದು ನಾಲ್ಕನೆಯದು. ಯಾವ ದಿನದಿಂದ ಎಂದು ಕೇಳಿತು. ಒಂಬತ್ತು ಎಂದು ಬರೆದೆ. ಮರಣ ಪ್ರಮಾಣಪತ್ರದ ಫೋಟೋ ಸೇರಿಸಿದೆ. ಕಳಿಸಿದೆ.

‘ಧನ್ಯವಾದ. ನಿಮ್ಮ ಬದಲಾವಣೆಯನ್ನು ದಾಖಲಿಸಲಾಗಿದೆ.’

ಗಂಟೆ ಏಳೂ ಹತ್ತು. ಅವನಿದ್ದಿದ್ದರೆ ಭೇಷ್ ಎನ್ನುತ್ತಿದ್ದ ಎಂದುಕೊಂಡೆ. ಸ್ನಾನ ಮಾಡಿ ಕೆಲಸಕ್ಕೆ ಹೋದೆ.

ನನ್ನ ಕೆಲಸ ಕನ್ನಡಕದ ಗಾಜು ಅರೆಯುವುದು. ಒಂದೊಂದು ಟ್ರೇಯಲ್ಲಿ ಒಂದು ಫ್ರೇಮು, ಎರಡು ದುಂಡು ಗಾಜು, ಒಂದು ಚೀಟಿ. ಚೀಟಿ ನೋಡಿ ಗಾಜಿನ ನಡುವಿಗೆ ಗುರುತು ಹಾಕಿ, ಮೆಷಿನ್ನಿಗೆ ಕಚ್ಚಿಸಿದರೆ ಅದು ನೀರು ಚಿಮ್ಮಿಸುತ್ತಾ ಫ್ರೇಮಿನ ಆಕಾರಕ್ಕೆ ಅಂಚು ಅರೆಯುತ್ತದೆ. ಕೆಳಗಿನ ಡಬ್ಬಿಯಲ್ಲಿ ಮೊಸರಿನಂಥ ಬಿಳಿ ರಾಡಿ ತುಂಬುತ್ತದೆ. ಪಕ್ಕದ ಮೆಷಿನ್ನಿನವಳನ್ನು ಎಲ್ಲರೂ ಸೋಡಾಬುಡ್ಡಿ ಎಂದೇ ಕರೆಯುವುದು. ತನ್ನ ದಪ್ಪ ಕನ್ನಡಕವನ್ನು ತಾನೇ ಅರೆದುಕೊಂಡವಳು.

“ಇವತ್ತೇ ಯಾಕೆ ಬಂದೆ?” ಎಂದಳು.

“ಮನೇಲಿ ಏನು ಮಾಡ್ಲಿ?”

“ಅದೂ ಸರಿ” ಎಂದು ನನ್ನ ಸಾಲಿನಿಂದ ಕಷ್ಟದ ಟ್ರೇಗಳನ್ನು ಎತ್ತಿ ತನ್ನ ಕಡೆ ಇಟ್ಟುಕೊಂಡಳು. ಮಧ್ಯಾಹ್ನ ಒಂದು ಜೋಡಿಯಲ್ಲಿ ಎಡದ ಗಾಜನ್ನು ಬಲಕ್ಕೆ ಅರೆದುಬಿಟ್ಟೆ. ಅವಳೇ ನೋಡಿದಳು. ಮೇಲ್ವಿಚಾರಕರು ಬರುವ ಮೊದಲೇ ಅದನ್ನು ಒಡೆದ ಗಾಜಿನ ಡಬ್ಬಿಗೆ ಹಾಕಿ, “ಪಾಪ, ಯಾರೋ ಒಬ್ಬರು ಬಲಗಣ್ಣಲ್ಲಿ ಎಡಗಡೆ ನೋಡ್ಕೊಂಡು ಗೋಡೆಗೆ ಹೊಡ್ಕೊಳ್ತಿದ್ರು” ಎಂದಳು. ನಾನು ನಕ್ಕೆ. ನಗು ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು.

ಅವತ್ತು ಸಂಜೆ ಊರಿನಿಂದ, ಗಂಡನ ಅಕ್ಕನ ಮನೆಯಿಂದ ಅತ್ತೆ ಫೋನ್ ಮಾಡಿದರು. ಆ ಅಕ್ಕ ನನ್ನ ಗಂಡನಿಗಿಂತ ನಾಲ್ಕು ವರ್ಷ ದೊಡ್ಡವಳು. ನಾನೂ ಅಕ್ಕ ಎಂದೇ ಕರೆಯುವುದು. ಅತ್ತೆ ಇರುವುದು ಅವಳ ಜೊತೆ. ಮಣ್ಣಿಗೆ ಬರಲು ಅತ್ತೆಗೆ ವೀಸಾ ಸಿಗಲಿಲ್ಲ. ಸ್ಮಶಾನದಿಂದ ಫೋನಿನಲ್ಲಿ ತೋರಿಸಿದೆವು. ಅತ್ತೆ ನೋಡದೆ ಎದ್ದು ಒಳಗೆ ಹೋದರಂತೆ.

“ಫೋನಲ್ಲಿ ಸತ್ತೋರನ್ನ ನಾನು ನಂಬಲ್ಲ ಕಣಮ್ಮ” ಎಂದರು. ದನಿಯಲ್ಲಿ ಅಳುವಿರಲಿಲ್ಲ. “ನೀನು ಬಾ. ಬಂದು ನನ್ನೆದುರು ಕೂತ್ಕೊಂಡು ಹೇಳು. ಆಗ ಅಳ್ತೀನಿ.”

“ಬರ್ತೀನಿ ಅತ್ತೆ. ಇಪ್ಪತ್ತಮೂರಕ್ಕೆ ಪ್ರಮಾಣ ಇದೆ. ಆಮೇಲೆ ಒಂದು ವಾರಕ್ಕೆ ಪಾಸ್‌ಪೋರ್ಟು. ಮುಂದಿನ ತಿಂಗಳು ಮೊದಲ ವಾರ ನಿಮ್ಮ ಮುಂದೆ ಇರ್ತೀನಿ.”

“ಮಾತು ಕೊಡ್ತೀಯಾ?”

“ಕೊಟ್ಟೆ.”

“ಅಲ್ಲೀವರೆಗೂ ನನಗೆ ಯಾರೂ ಏನೂ ಹೇಳ್ಬೇಡಿ” ಎಂದು ಫೋನನ್ನು ಅಕ್ಕನ ಕೈಗೆ ಕೊಟ್ಟರು.

ಅತ್ತೆಯ ಎದುರು ಕೂತು ಹೇಳುವುದೊಂದು ಬಾಕಿ ಇದೆ ಎಂಬುದರಿಂದ ನನಗೂ ಒಂದು ಆಸರೆ ಸಿಕ್ಕಿತ್ತು. ಹೇಗೆ ಹೇಳಬೇಕು ಎಂದು ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಮೆಟ್ಟಿಲಿನಿಂದ ಶುರುಮಾಡಬೇಕು ಎಂದುಕೊಂಡಿದ್ದೆ.

ಗುರುವಾರ, ಹದಿನಾರನೇ ತಾರೀಕು, ಇಲಾಖೆಯಿಂದ ಮೆಸೇಜು ಬಂತು. ‘ಪ್ರಮಾಣವಚನ: ತಡೆಹಿಡಿಯಲಾಗಿದೆ. ಕಾರಣ: ಮುಖ್ಯ ಅರ್ಜಿದಾರರ ಸ್ಥಿತಿ.’

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಇಲಾಖೆಗೆ ಹೋದೆ. ಟೋಕನ್ ತೊಂಬತ್ತೊಂದು. ಗೋಡೆಗೆ ಆನಿಸಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು ನನಗೆ ಚೆನ್ನಾಗಿ ಗೊತ್ತು. ಯಾವುದರ ಕಾಲು ಅಲ್ಲಾಡುತ್ತದೆ ಎಂಬುದೂ ಗೊತ್ತು. ಆರನೇ ಕೌಂಟರಿನಲ್ಲಿದ್ದ ಅಧಿಕಾರಿ ನನ್ನ ವಯಸ್ಸಿನವನೇ. ನೆಗಡಿಯಾಗಿ ಮೂಗು ಕೆಂಪಾಗಿತ್ತು. ನನ್ನ ಫೈಲ್ ನಂಬರು ಹಾಕಿ ಓದಿ, ಕೈಯಲ್ಲಿದ್ದ ಕರವಸ್ತ್ರವನ್ನು ಮೇಜಿನ ಕೆಳಗೆ ಇಳಿಸಿದ.

“ತುಂಬ ಬೇಜಾರಿನ ವಿಷಯ” ಎಂದ.

“ಗುರುವಾರ ನನಗೆ ಪ್ರಮಾಣ ಇದೆ.”

“ಇತ್ತು.”

ಅವನು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಹಾಗೆ ತೋರಿಸಬಾರದು ಎಂದು ಕಾಣುತ್ತದೆ, ಒಮ್ಮೆ ಹಿಂದೆ ತಿರುಗಿ ನೋಡಿದ. ಎರಡು ಹೆಸರಿದ್ದವು. ಮೇಲಿನದು ಬೂದು ಬಣ್ಣಕ್ಕೆ ತಿರುಗಿತ್ತು. ಅದರ ಕೆಳಗೆ ಒಂದು ಸಣ್ಣ ಗೆರೆ, ಗೆರೆಯ ತುದಿಗೆ ನಾನು.

“ಫೈಲು ಅವರದು. ನೀವು ಅದರೊಳಗೆ ಇದೀರ. ಅವರಿಲ್ಲ ಅಂತ ನಮಗೆ ಗೊತ್ತಾದ ತಕ್ಷಣ ಫೈಲು ಮುಚ್ಚಿಕೊಳ್ಳುತ್ತೆ. ನಾವು ಮುಚ್ಚೋದಲ್ಲ, ಅದೇ ಮುಚ್ಚಿಕೊಳ್ಳೋದು.”

“ನಾನು ಬದುಕಿದೀನಲ್ಲ.”

“ಅದಕ್ಕೇ ನಿಮ್ಮ ಹೆಸರಲ್ಲೇ ಹೊಸ ಫೈಲು ತೆಗೀಬಹುದು. ನೀವು ಬಂದು ಎಷ್ಟು ವರ್ಷ ಆಯ್ತು?”

“ಐದು.”

“ಹಾಗಾದ್ರೆ ಇನ್ನೆರಡು.”

“ಅಲ್ಲೀವರೆಗೆ?”

“ಇರಬಹುದು. ಕೆಲಸ ಮಾಡಬಹುದು. ಅದಕ್ಕೆ ಒಂದು ಪತ್ರ ಕೊಡ್ತೀವಿ. ದೇಶದಿಂದ ಹೊರಗೆ ಹೋಗೋಕೆ ಮಾತ್ರ ಆಗಲ್ಲ. ಹೋಗಬೇಡಿ ಅಂತ ಯಾರೂ ತಡೆಯಲ್ಲ. ಪಾಸ್‌ಪೋರ್ಟ್ ಇಲ್ದೆ ವಿಮಾನ ಹತ್ತಿಸಲ್ಲ, ಅಷ್ಟೆ.”

“ನಮ್ಮ ಅತ್ತೇನ ಇಲ್ಲಿಗೆ ಕರೆಸಬಹುದಾ?”

“ಮನೆಯವರೇ ಕರೆಸಬೇಕು. ಕರೆಸೋರಿಗೆ ಪಾಸ್‌ಪೋರ್ಟ್ ಇರಬೇಕು.” ಆಮೇಲೆ ಕೇಳಿದ: “ನಿಮ್ಮ ಹಳೇ ದೇಶದೋರು ವಾಪಸ್ ತಗೊಳಲ್ವಾ?”

“ಬೆಳಿಗ್ಗೆ ಫೋನ್ ಮಾಡಿದ್ದೆ. ಮತ್ತೆ ಸೇರಿಸ್ಕೋಬೇಕು ಅಂದ್ರೆ ಒಂದು ವರ್ಷ ಅಲ್ಲಿ ಹೋಗಿ ಇರಬೇಕಂತೆ.”

“ಹಾಗಾದ್ರೆ ಹೋಗಿ.”

“ಅಲ್ಲಿಗೆ ಹೋಗೋಕೆ ಪಾಸ್‌ಪೋರ್ಟ್ ಬೇಕಂತೆ.”

ಅವನಿಗೆ ನಗು ಬಂದುಬಿಟ್ಟಿತು. ತಕ್ಷಣ “ಕ್ಷಮಿಸಿ” ಎಂದು ಕೆಮ್ಮಿದ. ನನಗೇನೂ ಅನ್ನಿಸಲಿಲ್ಲ. ಒಳ್ಳೆಯವನು.

“ನಾನು ಕಳಿಸಿದ್ದನ್ನ ವಾಪಸ್ ತಗೋಬಹುದಾ?” ಎಂದೆ.

“ಏನು ಅಂತ ಬರೀತೀರ?”



ಅವನು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಹತ್ತಿರ ಎಳೆದುಕೊಂಡ. ಪೆನ್ನಿನ ಮುಚ್ಚಳ ಹಿಡಿದು ಎಣಿಸತೊಡಗಿದ. ಅದು ಅವನ ಅಭ್ಯಾಸವಿರಬೇಕು, ಎಲ್ಲ ಫೈಲಿಗೂ ದಿನ ಎಣಿಸುವುದು. “ಒಂಬತ್ತನೇ ತಾರೀಕು ಆಗಿದ್ದು. ತಿಳಿಸೋಕೆ ಹದಿನೈದು ದಿನ. ಹತ್ತು, ಹನ್ನೊಂದು, ಹನ್ನೆರಡು...” ಮುಚ್ಚಳ ಒಂದೊಂದೇ ಮನೆ ದಾಟಿ ಹೋಯಿತು. ಕೆಳಗಿನ ಸಾಲಿಗೆ ಇಳಿಯಿತು. ಇಪ್ಪತ್ತನಾಲ್ಕರ ಮೇಲೆ ನಿಂತಿತು. ಅದರ ಹಿಂದಿನ ಮನೆ ಇಪ್ಪತ್ತಮೂರು.

ಇಬ್ಬರೂ ಅದನ್ನೇ ನೋಡಿದೆವು. ಅವನು ಮುಚ್ಚಳವನ್ನು ಎತ್ತಿಕೊಂಡ.

“ನೀವು ಐದನೇ ದಿನಕ್ಕೇ ತಿಳಿಸಿಬಿಟ್ಟಿದೀರ” ಎಂದ.

“ಇಪ್ಪತ್ತನಾಲ್ಕಕ್ಕೆ ತಿಳಿಸಿದ್ರೆ?”

ಅವನು ಮೂಗು ಒರೆಸಿಕೊಂಡ. “ಪ್ರಮಾಣ ಆದ್ಮೇಲೆ ನೀವು ಯಾರ ಫೈಲಿಗೂ ಸೇರಲ್ಲ. ನಿಮ್ಮದು ನಿಮಗೆ.”

“ಅದು ಮೋಸ ಆಗ್ತಿರ್ಲಿಲ್ವಾ?”

“ಇಲ್ಲ. ನಿಯಮದ ಪ್ರಕಾರವೇ ಇರ್ತಿತ್ತು.” ನನ್ನ ಮುಖ ನೋಡಿ ಅವಸರದಲ್ಲಿ ಸೇರಿಸಿದ: “ಈಗ ನೀವು ಮಾಡಿದ್ದೂ ಸರಿಯೇ. ತುಂಬ ಜನ ತಿಳಿಸೋದೇ ಇಲ್ಲ.”

ಇಲಾಖೆಯ ಮುಖ್ಯಸ್ಥರಿಗೆ ವಿಶೇಷ ಮನವಿ ಬರೆಯಬಹುದು ಎಂದು ಒಂದು ಹಾಳೆ ಕೊಟ್ಟ. ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಬರೆದೆ. ಅತ್ತೆಯ ವಿಷಯ ಬರೆದೆ. ಓದಿದರೆ ಕಥೆ ಕಟ್ಟಿದ ಹಾಗಿತ್ತು. ಹೊಡೆದುಹಾಕಿ ಬರೀ ತಾರೀಕುಗಳನ್ನು ಬರೆದೆ. ಅವನು ಮುದ್ರೆ ಒತ್ತಿ ತೆಗೆದುಕೊಂಡ. “ಮಂಗಳವಾರ ಉತ್ತರ ಬರುತ್ತೆ. ಏನೂ ಹೇಳೋಕಾಗಲ್ಲ” ಎಂದ. ಹೇಳಲಾಗದ ಹಾಗೇನೂ ಅವನ ಮುಖ ಇರಲಿಲ್ಲ.

ಆ ಸಂಜೆ ಅಕ್ಕನಿಗೆ ಹೇಳಿದೆ.

“ಯಾರು ಕೇಳಿದ್ರು ನಿನ್ನ?” ಎಂದು ಕೂಗಿದಳು. “ಯಾರಾದ್ರೂ ಬಂದು ಬಾಗಿಲು ತಟ್ಟಿ ಕೇಳಿದ್ರಾ?”

“ಇಲ್ಲ ಅಕ್ಕ.”

“ಮತ್ತೆ? ಹತ್ತು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಓದಿದೋಳಂತೆ, ಓದಿದೋಳು! ಮಣ್ಣು ಆರೋಕೆ ಮುಂಚೆ ಸರ್ಕಾರಕ್ಕೆ ವರದಿ ಒಪ್ಪಿಸ್ತಾಳೆ!”

ಬೈಯಲಿ ಎಂದುಕೊಂಡೆ. ಆಮೇಲೆ ಹೇಳಿದೆ: “ನಿಮ್ಮ ತಮ್ಮ ಇದ್ದಿದ್ರೂ ಅದನ್ನೇ ಮಾಡ್ತಿದ್ದ.”



“ಹೌದು” ಎಂದಳು. “ಆ ಪೆದ್ದ, ಆಗೋದಾಗಿದ್ರೆ ತಾನು ಸತ್ತಿದ್ದನ್ನೂ ತಾನೇ ಹೋಗಿ ಬರೆಸಿ ಬರ್ತಿದ್ದ.” ನಗುತ್ತಾ ಹೇಳಿದಳು, ಹೇಳುತ್ತಾ ಅತ್ತಳು. ನಾನು ಫೋನ್ ಹಿಡಿದುಕೊಂಡೇ ಇದ್ದೆ. ಅಳುವವರ ಜೊತೆ ಅಳಲು ನನಗೆ ಬರುತ್ತಿರಲಿಲ್ಲ.

ಅತ್ತೆ ಫೋನ್ ಕಿತ್ತುಕೊಂಡರು ಎಂದು ಕಾಣುತ್ತದೆ. “ಏನಂತೆ?” ಎಂದರು.

“ಮಂಗಳವಾರ ಇನ್ನೊಂದು ಉತ್ತರ ಬರಬೇಕು ಅತ್ತೆ.”

“ಬರದಿದ್ರೆ?”

“ಎರಡು ವರ್ಷ.”



“ಸರಿ ಬಿಡು. ಅಲ್ಲೀವರೆಗೂ ಅವನು ಕೆಲಸಕ್ಕೆ ಹೋಗಿದಾನೆ ಅಂತಲೇ ಇರ್ತೀನಿ” ಎಂದರು. “ನೀನು ಊಟ ಮಾಡ್ತಿದೀಯಾ?”

ಮಂಗಳವಾರ ಮಧ್ಯಾಹ್ನ ಉತ್ತರ ಬಂತು. ಮೆಷಿನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಓದಿದೆ. ಎರಡೇ ಸಾಲು. ‘ನಿಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಯಿತು. ನಿಯಮದಲ್ಲಿ ಅವಕಾಶವಿಲ್ಲ.’ ಸೋಡಾಬುಡ್ಡಿ ಹುಬ್ಬು ಹಾರಿಸಿ ಕೇಳಿದಳು. ತಲೆ ಅಲ್ಲಾಡಿಸಿದೆ. ಅವಳು ಎದ್ದು ಬಂದು ನನ್ನ ಮೆಷಿನ್ನಿನ ರಾಡಿಯ ಡಬ್ಬಿಯನ್ನು ತಾನೇ ಹೊತ್ತುಕೊಂಡು ಹೋಗಿ ಚೆಲ್ಲಿ ಬಂದಳು. ಅದು ಅರ್ಧವೂ ತುಂಬಿರಲಿಲ್ಲ.

ಅಕ್ಕನಿಗೆ ‘ಇಲ್ಲ’ ಎಂದಷ್ಟೇ ಬರೆದೆ.

ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಉದ್ದಣ್ಣನ ಫೋನು ಬಂತು. ಉದ್ದಣ್ಣ ಕೆಲಸದಲ್ಲಿ ನನ್ನ ಗಂಡನ ಜೋಡಿ. ಲಿಫ್ಟಿನವರು ಒಬ್ಬೊಬ್ಬರೇ ಕೆಲಸ ಮಾಡುವಂತಿಲ್ಲ. ಒಬ್ಬ ಲಿಫ್ಟಿನ ತಲೆಯ ಮೇಲೆ ನಿಂತರೆ ಇನ್ನೊಬ್ಬ ಮೇಲಿನ ಮೆಷಿನ್ ಕೋಣೆಯಲ್ಲಿರಬೇಕು. ಆರು ವರ್ಷ ಇವರಿಬ್ಬರೂ ಬಾವಿಯಂಥ ಗುಂಡಿಯೊಳಗೆ ಒಬ್ಬರಿಗೊಬ್ಬರು ಕೂಗಿಕೊಂಡು ಬದುಕಿದವರು. ನಮ್ಮ ದೇಶದವನೇ, ನಮ್ಮ ಮಾತಿನವನೇ. ಈಗ ಎರಡು ವರ್ಷದಿಂದ ಇಲ್ಲಿಯ ಪ್ರಜೆ.

“ಹೇಗಿದೀಯಮ್ಮ ತಂಗಿ?”

“ಇದೀನಿ ಅಣ್ಣ.”

“ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತೆ ಅಂತಿದ್ದ ಅವನು. ಬಂದು ನೋಡ್ಲಾ?”

“ಈಗ ತೊಟ್ಟಿಕ್ಕಲ್ಲ.”

“ಓ. ತಾನಾಗೇ ನಿಂತ್ಹೋಯ್ತಾ?”

ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿಸಿತು. “ಕೇಳ್ರೀ, ಎಷ್ಟು ಹೊತ್ತು ನಲ್ಲಿ ಬಿಚ್ತೀರಾ!”

“ಸುಮ್ನಿರೇ” ಎಂದ ಉದ್ದಣ್ಣ. ಆಮೇಲೆ ಹೇಳಿದ: “ನಾನು ಹೇಳೋದು ಕೇಳಿ ಬೇಜಾರು ಮಾಡ್ಕೋಬಾರದು. ನನ್ನ ಭಾವಮೈದುನಂಗೂ ಗುರುವಾರನೇ ಪ್ರಮಾಣ. ಅವನ ಹತ್ರ ಕರೀ ಬೂಟಿಲ್ಲ. ಕ್ಯಾನ್ವಾಸ್ ಹಾಕ್ಕೊಂಡು ಹೋದ್ರೆ ಬಾಗಿಲಲ್ಲೇ ನಿಲ್ಲಿಸ್ತಾರೆ.”

ನನಗೆ ಅರ್ಥವಾಗಲಿಲ್ಲ.

“ನನ್ನ ಬೂಟು ನಿಮ್ಮನೇಲಿದೆಯಮ್ಮ” ಎಂದ. “ನಿನ್ನ ಗಂಡನೂ ಪ್ರಮಾಣಕ್ಕೆ ಅದನ್ನೇ ಹಾಕ್ಕೊಂಡು ಹೋಗ್ತೀನಿ ಅಂತ ತಗೊಂಡಿದ್ದ. ಎಲ್ಲಿಟ್ಟಿದಾನೋ. ಸಿಗದಿದ್ರೆ ಬೇಡ ಬಿಡು, ಹುಡುಕೋಕೆ ಹೋಗ್ಬೇಡ.”

ಅವನು ನನಗೆ ಹೇಳಿರಲಿಲ್ಲ. ನಾನು ನಗುತ್ತೇನೆ ಎಂದು ಹೇಳಿರಲಿಕ್ಕಿಲ್ಲ. ಉದ್ದಣ್ಣನ ಪಾದ ದೋಣಿಯಷ್ಟಿದೆ.

ಬೂಟು ಬೀರುವಿನ ತಲೆಯ ಮೇಲೆ, ಹೊದಿಕೆಗಳ ಹಿಂದೆ, ಒಂದು ಡಬ್ಬಿಯಲ್ಲಿ ಸಿಕ್ಕಿತು. ಪಾಲಿಶ್ ಹಾಕಿತ್ತು. ಎರಡರ ಮೂತಿಗೂ ಅಂಗಡಿಯ ಜಾಹೀರಾತಿನ ಕಾಗದ ತುರುಕಿದ್ದ. ಹೊರಗೆಳೆದೆ. ಕಾಗದದ ಉಂಡೆ ಗಟ್ಟಿಯಾಗಿತ್ತು. ಅದರ ಮೇಲೆ ಬೆರಳು ಒತ್ತಿದ ತಗ್ಗುಗಳಿದ್ದವು, ಹೆಬ್ಬೆರಳಿನದು ಆಳವಾಗಿ. ನಾನು ಕೆಲಸಕ್ಕೆ ಹೋದಾಗ ಹಾಕಿಕೊಂಡು ಮನೆಯೊಳಗೆ ಓಡಾಡಿದ್ದಾನೆ. ಒಂದೆರಡು ದಿನವಲ್ಲ.

ಉಂಡೆಗಳನ್ನು ಕಸದ ಬುಟ್ಟಿಗೆ ಹಾಕಿದೆ. ತೆಗೆದೆ. ಮತ್ತೆ ಹಾಕಿದೆ.

“ಸಿಕ್ಕಿತು” ಎಂದು ಫೋನ್ ಮಾಡಿದೆ. “ಗುರುವಾರ ಪ್ರಮಾಣದ ಹಾಲ್ ಹತ್ರ ತಂದುಕೊಡ್ತೀನಿ.”

“ನೀನ್ಯಾಕಮ್ಮ ಅಲ್ಲಿಗೆಲ್ಲ? ನಾನೇ ಈಗಲೇ ಬರ್ತೀನಿ.”

“ಗುರುವಾರ ರಜೆ ಹಾಕಿದೀನಿ ಅಣ್ಣ. ಮೂರು ವಾರದ ಹಿಂದೇನೇ ಹಾಕಿದ್ದು. ಅವತ್ತು ನನಗೆ ಬೇರೆ ಕೆಲಸ ಇಲ್ಲ.”



ಗುರುವಾರ ಒಂಬತ್ತೂವರೆಗೆ ಹೋದೆ. ನಗರಸಭೆಯ ಕಟ್ಟಡ. ಮುಂದೆ ಅಗಲವಾದ ಏಳು ಮೆಟ್ಟಿಲು. ಹೊಸ ಬಟ್ಟೆ ಹಾಕಿಕೊಂಡವರು ಗುಂಪುಗುಂಪಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೈಯಲ್ಲಿ ಇಲಾಖೆಯ ಪತ್ರ ಹಿಡಿದವರ ಒಂದು ಸಾಲು ಬಾಗಿಲ ಕಡೆ ಸರಿಯುತ್ತಿತ್ತು. ಬಾಗಿಲಲ್ಲಿ ಕಾವಲಿನವನು ಪಟ್ಟಿ ಹಿಡಿದುಕೊಂಡು ಟಿಕ್ ಹಾಕುತ್ತಿದ್ದ. ಉದ್ದಣ್ಣನನ್ನು ಹುಡುಕಬೇಕಾಗಲಿಲ್ಲ, ಎಲ್ಲರ ತಲೆಯ ಮೇಲೆ ಅವನ ತಲೆ ಕಾಣುತ್ತಿತ್ತು. ಜೊತೆಗೆ ಹೆಂಡತಿ. ಅವಳ ತಮ್ಮ ಕೋಟು ಹಾಕಿಕೊಂಡು, ಕೆಳಗೆ ಹಸಿರು ಕ್ಯಾನ್ವಾಸ್ ಬೂಟಿನಲ್ಲಿ ನಿಂತಿದ್ದ. ಅವನೂ ಉದ್ದವೇ.

ಉದ್ದಣ್ಣ ನನ್ನನ್ನು ನೋಡಿ ಎರಡು ಮೆಟ್ಟಿಲು ಇಳಿದು ಬಂದ. “ಇಟ್ಕೋ ಅಂದ್ರೆ ಇಟ್ಕೊಳ್ತೀಯಾ? ಇವನಿಗೆ ಬೇರೆ ಏನಾದ್ರೂ ಮಾಡೋಣ” ಎಂದು ಮೆಲ್ಲಗೆ ಕೇಳಿದ.

“ಇಟ್ಕೊಂಡು ಏನು ಮಾಡ್ಲಿ ಅಣ್ಣ” ಎಂದೆ. ಚೀಲದಿಂದ ಡಬ್ಬಿ ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ. ಹೆಂಡತಿ ಅವನ ಕೈಯಿಂದ ಬಿಡಿಸಿಕೊಂಡು ತಮ್ಮನಿಗೆ ಕೊಟ್ಟಳು.

ಹುಡುಗ ಮೆಟ್ಟಿಲ ಮೇಲೆ ಕೂತು ಬೂಟು ಹಾಕಿಕೊಂಡ. ಎದ್ದು ನಿಂತು ಎರಡು ಹೆಜ್ಜೆ ಹಾಕಿ ನೋಡಿದ.

“ಅಳತೆ ಕೊಟ್ಟು ಮಾಡಿಸಿದ ಹಾಗಿದೆ” ಎಂದಳು ಉದ್ದಣ್ಣನ ಹೆಂಡತಿ. ಹೇಳಿ ನಾಲಿಗೆ ಕಚ್ಚಿಕೊಂಡಳು.

“ಥ್ಯಾಂಕ್ಸ್ ಅಕ್ಕ” ಎಂದ ಹುಡುಗ. “ಸಾಯಂಕಾಲ ನಿಮ್ಮನೆಗೇ ತಂದುಕೊಡ್ತೀನಿ.”

“ನಮ್ಮದಲ್ಲ. ನಿಮ್ಮ ಭಾವಂದು” ಎಂದೆ.

ಒಳಗೆ ಎಲ್ಲೋ ಗಂಟೆ ಹೊಡೆಯಿತು. ಫೋಟೋ ತೆಗೆಸಿಕೊಳ್ಳುತ್ತಿದ್ದವರೆಲ್ಲ ಓಡಿಬಂದು ಸಾಲು ಸೇರಿದರು. ಉದ್ದಣ್ಣನ ಮನೆಯವರೂ ಮೇಲೆ ಹೋದರು. ಅವನು ತಿರುಗಿ ತಿರುಗಿ ನೋಡಿದ, ನಾನು ಹೋಗು ಎಂದು ಕೈ ಮಾಡಿದೆ. ಜನ ಹಿಂದಿನಿಂದ ತಳ್ಳಿದರು. ಸರಿದು ಸರಿದು ನಾನು ಬಾಗಿಲ ಹತ್ತಿರವೇ ಬಂದಿದ್ದೆ.

“ನಿಮ್ಮ ಪತ್ರ?” ಎಂದ ಕಾವಲಿನವನು.

“ಪತ್ರ ಇಲ್ಲ. ಬೂಟು ವಾಪಸ್ ಕೊಡೋಕೆ ಬಂದಿದ್ದೆ.”

“ಕೊಟ್ರಾ?”

“ಕೊಟ್ಟೆ.”

“ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಒಳಗೆ ಹೋಗೋರಿಗೆ ದಾರಿ ಬಿಡಿ.”

ಪಕ್ಕಕ್ಕೆ ನಿಂತೆ.